ವಪೆಯ ದ್ವಾರವೂ ಜಠರದ ಮೇಲೇರಿಕೆಯೂ



ಉಂಡ ಅನ್ನವು ಬಾಯಿಯಿಂದ ಹೊಟ್ಟೆಗೆ ಇಳಿಯುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಅದು ಇಳಿಯುವ ದಾರಿಯಲ್ಲಿ ಒಂದು ಅಡ್ಡಗೋಡೆಯಿರುವುದನ್ನೂ, ಆ ಗೋಡೆಯಲ್ಲಿ ಒಂದು ಬಾಗಿಲಿರುವುದನ್ನೂ, ಆ ಬಾಗಿಲು ಸಡಿಲಿದರೆ ಕೆಳಗಿರತಕ್ಕ ಜಠರವೇ ಮೇಲಕ್ಕೆ ಹತ್ತಿ ಎದೆಗೂಡನ್ನು ಹೊಗುವುದುಂಟೆಂಬುದನ್ನೂ ಅರಿತವರು ಕಡಮೆ. ಈ ವ್ಯಾಧಿಗೆ ಪಾಶ್ಚಾತ್ಯ ವೈದ್ಯರು ಹಯಾಟಸ್ ಹರ್ನಿಯವೆಂದು ಹೆಸರಿಟ್ಟಿದ್ದಾರೆ. ಹಯಾಟಸ್ ಎಂದರೆ ಕಂಡಿ. ಹರ್ನಿಯವೆಂದರೆ ಒಂದು ಅವಯವವು ತನ್ನ ಮನೆಯ ಗೋಡೆ ಸಡಿಲಾದ ಕಡೆಯಿಂದ ಹೊರಕ್ಕೆ ನುಗ್ಗುವುದು. ತೊಡೆಯ ಸಂದಿಯಲ್ಲಿ ಕರುಳಿಳಿದು ಗಂಟಾಗುವ ಹರ್ನಿಯವನ್ನು ಹಳ್ಳಿಯ ಜನರೂ ಕಣ್ಣಾರೆ ಕಂಡು ಬಲ್ಲರು. ಇದಾದರೋ ಪಕ್ಕೆಲುಬುಗಳ ಮರೆಯಲ್ಲಿ ನಡೆಯುವ ವ್ಯಾಪಾರವಾದುದರಿಂದ ಕಣ್ಣಿಗೆ ಬೀಳದು, ಕೈಗೆ ಸಿಗದು.

ಧರ್ಮಸಭೆಯಲ್ಲಿ ಈ ಮಾತನ್ನು ಎತ್ತುವುದೇಕೆಂದು ಕೆಲವರಿಗೆ ತೋರಬಹುದು. ನಡುವಯಸ್ಸು ದಾಟಿದವರಿರುವ ಮನೆಗಳಲ್ಲಿ ಎದೆಯುರಿ, ಹುಳಿತೇಗುಗಳ ಮಾತು ಕೇಳಿಬರದ ಮನೆ ವಿರಳ. ಇತ್ತೀಚೆಗೆ ಗಂಟಲಿನಿಂದ ದೀಪದ ಕೊಳವೆಯನ್ನಿಳಿಸಿ ಪರೀಕ್ಷಿಸುವ ಪದ್ಧತಿಯು ಬಳಕೆಗೆ ಬಂದಮೇಲೆ, ಪರೀಕ್ಷೆಯ ಕಾಗದದಲ್ಲಿ ಹರ್ನಿಯವೆಂಬ ಶಬ್ದವನ್ನು ಓದಿ, ನಾಳೆಯೇ ಶಸ್ತ್ರಚಿಕಿತ್ಸೆಯಾಗಬೇಕೇನೋ ಎಂದು ಕಂಗೆಡುವವರು ಹೆಚ್ಚಿದ್ದಾರೆ. ಕಾರ ತಿಂದುದರಿಂದ ಜಠರ ತೂತಾಯಿತೆಂದು ತಿಳಿಯುವವರೂ ಉಂಟು. ದೇಹದ ಕಟ್ಟಡವನ್ನು ಅರಿಯದೆ ಇಂತಹ ಭಯವು ಹೋಗತಕ್ಕದ್ದಲ್ಲ.

ಮನುಷ್ಯನ ಮುಂಡವು ಎರಡು ಅಂಕಣಗಳ ಮನೆ. ಮೇಲಣ ಅಂಕಣದಲ್ಲಿ ಹೃದಯವೂ ಶ್ವಾಸಕೋಶಗಳೂ ಇವೆ. ಕೆಳಗಣ ಅಂಕಣದಲ್ಲಿ ಜಠರ, ಯಕೃತ್ತು, ಗುಲ್ಮ, ಕರುಳುಗಳಿವೆ. ಇವೆರಡರ ನಡುವೆ ಮಗುಚಿ ಹಾಕಿದ ಬಟ್ಟಲಿನಂತೆ ಕಮಾನಾಗಿ ನಿಂತಿರುವ ಮಾಂಸದ ಪರದೆಯೇ ವಪೆ. ಇದರ ಅಂಚೆಲ್ಲ ಮಾಂಸ. ನಡುವಿನ ಭಾಗ ಮಾತ್ರ ಬೆಳ್ಳಗೆ ಗಟ್ಟಿಯಾದ ತಂತುಗಳ ಹಾಳೆ. ಉಸಿರನ್ನು ಒಳಕ್ಕೆಳೆದಾಗ ವಪೆಯು ಕೆಳಗಿಳಿಯುವುದು, ಬಿಟ್ಟಾಗ ಮೇಲೇರುವುದು. ಹಕ್ಕಿಗಾಗಲಿ ಹಾವಿಗಾಗಲಿ ಇಂತಹ ಮಾಂಸದ ವಪೆಯಿಲ್ಲ. ಮೊಲೆಯೂಡಿಸುವ ಪ್ರಾಣಿಗಳಿಗೆ ಮಾತ್ರ ಇದು ಲಭಿಸಿದೆ. ಉಸಿರಾಟಕ್ಕೆ ಇದರಿಂದಾದ ಉಪಕಾರವು ಬಹಳ. ಆದರೆ ಕೋಣೆಯ ನಡುವೆ ಗೋಡೆಯೆಬ್ಬಿಸಿದವನು ಬಾಗಿಲನ್ನೂ ಬಿಡಲೇಬೇಕಷ್ಟೆ. ಈ ವ್ಯಾಧಿಯ ಬೀಜವು ಅಲ್ಲಿಯೇ ಇದೆ.

ಗರ್ಭದಲ್ಲಿ ವಪೆಯು ಒಂದೇ ತುಂಡಾಗಿ ಹುಟ್ಟುವುದಿಲ್ಲ. ಅದರ ಮೊದಲ ಅಂಕುರವು ಕುತ್ತಿಗೆಯ ಮಟ್ಟದಲ್ಲಿ ಮೂಡಿ, ಶಿಶುವು ಬೆಳೆದಂತೆ ಕೆಳಗಿಳಿಯುತ್ತದೆ. ಬೇರೆ ಬೇರೆ ಪದರಗಳು ಬಂದು ಅದರೊಡನೆ ಬೆಸೆದುಕೊಳ್ಳುತ್ತವೆ. ಹೊಟ್ಟೆಗೂ ಎದೆಗೂ ನಡುವೆ ಇರುವ ಈ ಪರದೆಗೆ ಕುತ್ತಿಗೆಯಿಂದ ನರವು ಇಳಿದು ಬಂದಿರುವುದಕ್ಕೂ, ವಪೆಯು ಕೆರಳಿದಾಗ ನೋವು ಹೆಗಲಿನಲ್ಲಿ ತೋರುವುದಕ್ಕೂ ಇದೇ ಕಾರಣ. ಈ ಬೆಸುಗೆಯು ಪೂರ್ಣವಾಗದಿದ್ದರೆ ಹಸುಗೂಸಿನಲ್ಲಿ ಕರುಳು ಎದೆಯೊಳಗೆ ಹೋಗಿರುವುದುಂಟು. ಅದು ಪ್ರಾಣಾಂತಿಕವಾದ ಬೇರೆಯೇ ವ್ಯಾಧಿ. ಪ್ರಸ್ತುತ ವಿಷಯದೊಡನೆ ಅದನ್ನು ಬೆರೆಸಬಾರದು. ದೊಡ್ಡವರಲ್ಲಿ ಕಾಣುವ ಹಯಾಟಸ್ ಹರ್ನಿಯವು ಬಹುಮಟ್ಟಿಗೆ, ಸರಿಯಾಗಿಯೇ ಹುಟ್ಟಿದ ಬಾಗಿಲು ಕಾಲಕ್ರಮದಲ್ಲಿ ಸಡಿಲಿದುದರ ಫಲ.

ವಪೆಯಲ್ಲಿ ಮುಖ್ಯವಾದ ದ್ವಾರಗಳು ಮೂರು. ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ಒಯ್ಯುವ ಮಹಾಸಿರೆಯು ಎದೆಯ 8ನೆಯ ಬೆನ್ನುಮಣಿಯ ಮಟ್ಟದಲ್ಲಿ, ನಡುವಿನ ತಂತುಹಾಳೆಯನ್ನು ತೂರಿಹೋಗುವುದು. ಅಲ್ಲಿ ಮಾಂಸವಿಲ್ಲ, ಉಸಿರೆಳೆದಾಗ ಹಾಳೆಯು ಬಿಗಿದು ದ್ವಾರವು ಇನ್ನಷ್ಟು ಅಗಲವಾಗುವುದರಿಂದ ರಕ್ತದ ಓಟಕ್ಕೆ ಅನುಕೂಲವೇ ಆಗುವುದು. ಮಹಾಧಮನಿಯಾದರೋ 12ನೆಯ ಮಣಿಯ ಮಟ್ಟದಲ್ಲಿ ವಪೆಯ ಹಿಂದುಗಡೆಯಿಂದ, ಬೆನ್ನೆಲುಬಿಗೆ ಆತುಕೊಂಡು ಇಳಿಯುವುದು. ವಪೆಯು ಎಷ್ಟು ಕುಗ್ಗಿದರೂ ಅದನ್ನು ಹಿಚುಕಲಾರದು. ಇವೆರಡರ ನಡುವೆ, 10ನೆಯ ಮಣಿಯ ಮಟ್ಟದಲ್ಲಿ, ನಡುಗೆರೆಯಿಂದ ತುಸು ಎಡಕ್ಕೆ, ಅನ್ನನಾಳದ ದ್ವಾರವಿದೆ. ಇದೊಂದು ಮಾತ್ರ ಮಾಂಸದ ನಡುವೆಯೇ ಬಿಟ್ಟ ದ್ವಾರ.

ಈ ಭೇದವನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಸಿರೆಯೂ ಧಮನಿಯೂ ಎಂದಿಗೂ ಒಂದೇ ಗಾತ್ರದ ರಕ್ತವನ್ನು ಸಾಗಿಸುವ ಕೊಳವೆಗಳಂತಿವೆ. ಅನ್ನನಾಳವು ಹಾಗಲ್ಲ. ಬರಿದಾಗಿರುವಾಗ ಅದು ಒಳಗೊಳಗೆ ಮುದುಡಿಕೊಂಡಿರುವುದು. ರೊಟ್ಟಿಯ ತುತ್ತು ಬಂದಾಗ ಉಬ್ಬುವುದು. ವಾಂತಿಯಾಗುವಾಗ ಹಿಂದಿರುಗಿ ಬರುವುದಕ್ಕೂ, ತೇಗು ಬರುವಾಗ ಗಾಳಿಗೂ ದಾರಿಗೊಡಬೇಕು. ಆದುದರಿಂದ ಅದರ ಸುತ್ತಣ ದ್ವಾರವು ಬಿಗಿಯಾಗಿ ಹೊಲಿದುದಾಗಿರಲಾರದು. ಹಾಗೆಂದು ಹಾರೊಡೆದು ಬಿಟ್ಟುದೂ ಆಗಿರಲಾರದು. ಹಿಗ್ಗಬೇಕಾದ ಬಾಗಿಲನ್ನು ಭದ್ರವಾಗಿಯೂ ಇಡಬೇಕೆಂಬ ಈ ಸಂದಿಗ್ಧವೇ ಹರ್ನಿಯದ ಮೂಲವೆನ್ನಬಹುದು.

ಈ ದ್ವಾರವನ್ನು ಕಟ್ಟಿರುವವು ವಪೆಯ ಕಾಲುಗಳು. ಸೊಂಟದ ಮೇಲಣ ಬೆನ್ನುಮಣಿಗಳಿಂದ ಬಲಗಡೆಯೊಂದು ಎಡಗಡೆಯೊಂದು ಮಾಂಸದ ಪಟ್ಟಿ ಹೊರಟು ಮೇಲಕ್ಕೆ ಏರುತ್ತವೆ. ಬಲಗಾಲು ಮೊದಲ ಮೂರು ಮಣಿಗಳಿಂದ ಹೊರಡುವುದು, ಎಡಗಾಲು ಮೊದಲ ಎರಡರಿಂದ, ಬಲಗಾಲೇ ಬಲಿಷ್ಠವಾದುದು. ಬಹುಜನರಲ್ಲಿ ಬಲಗಾಲಿನ ಎಳೆಗಳೇ ಸೀಳಿ, ಅನ್ನನಾಳವನ್ನು ಎರಡು ಕಡೆಯಿಂದಲೂ ಬಳಸಿ, ಜೋಳಿಗೆಯ ಹಗ್ಗದಂತೆ ಸುತ್ತುಗಟ್ಟುತ್ತವೆ. ಕೆಲವರಲ್ಲಿ ಎಡಗಾಲಿನ ಎಳೆಗಳೂ ಬಂದು ಸೇರುವುವು. ಒಬ್ಬೊಬ್ಬರಲ್ಲಿ ಈ ಹೆಣಿಗೆ ಒಂದೊಂದು ಬಗೆಯೆಂಬುದನ್ನು ಶವಪರೀಕ್ಷಕರು ಬಹುಕಾಲದಿಂದ ಕಂಡಿದ್ದಾರೆ. ಉಸಿರೆಳೆದಾಗ, ಕೆಮ್ಮಿದಾಗ, ಭಾರವೆತ್ತಿದಾಗ ಈ ಕಾಲುಗಳು ಬಿಗಿದುಕೊಂಡು ಅನ್ನನಾಳವನ್ನು ಹಿಂಡುತ್ತವೆ. ಹೊಟ್ಟೆಯೊಳಗಣ ಒತ್ತಡವೇರುವ ಗಳಿಗೆಯಲ್ಲಿಯೇ ಬಾಗಿಲೂ ಬಿಗಿಯುವಂತೆ ಮಾಡಿರುವ ಈ ಏರ್ಪಾಡು ಆಶ್ಚರ್ಯಕರವಾದುದು.

ಆದರೂ ಬಾಗಿಲಿನ ಚೌಕಟ್ಟಿಗೂ ಅನ್ನನಾಳಕ್ಕೂ ನಡುವೆ ಸ್ವಲ್ಪ ಎಡೆಯುಳಿಯುವುದು. ಅದನ್ನು ಮುಚ್ಚಿರುವುದು ತೆಳುವಾದೊಂದು ಪೊರೆ. ವಪೆಯ ಕೆಳಮೈಯ ಪೊರೆಯೂ ಮೇಲ್ಮೈಯ ಪೊರೆಯೂ ದ್ವಾರದ ಅಂಚಿನಲ್ಲಿ ಕೂಡಿ, ಅನ್ನನಾಳದ ಸುತ್ತಲೂ ಅಂಗಿಯ ಕೊರಳಪಟ್ಟಿಯಂತೆ ಅಂಟಿಕೊಂಡು, ಜಠರವು ಆರಂಭವಾಗುವ ತಾಣಕ್ಕಿಂತ ಎರಡು ಮೂರು ಸೆಂಟಿಮೀಟರ್ ಮೇಲೆ ನಾಟಿಕೊಳ್ಳುತ್ತವೆ. 1883ರಲ್ಲಿ ಲೈಮರ್ ಎಂಬ ವಿದ್ವಾಂಸನು ಇದನ್ನು ವರ್ಣಿಸಿದುದರಿಂದ ಇದಕ್ಕೆ ಅವನ ಹೆಸರೂ ಸಲ್ಲುತ್ತದೆ. ಈ ಪೊರೆಯಲ್ಲಿ ಎರಡು ಬಗೆಯ ಎಳೆಗಳಿವೆ: ಎಳೆದರೂ ಹಿಗ್ಗದ ಗಟ್ಟಿ ಎಳೆಗಳು ಕೆಲವು; ಎಳೆದರೆ ಹಿಗ್ಗಿ, ಬಿಟ್ಟರೆ ರಬ್ಬರಿನಂತೆ ಮರಳಿ ಕುಗ್ಗುವ ಎಳೆಗಳು ಕೆಲವು. ಎರಡನೆಯ ಬಗೆಯವೇ ಇಲ್ಲಿ ಮುಖ್ಯ.

ಏಕೆಂದರೆ ನುಂಗುವಾಗ ಅನ್ನನಾಳವು ಸುಮ್ಮನಿರುವುದಿಲ್ಲ. ಸುಮಾರು 25 ಸೆಂಟಿಮೀಟರ್ ಉದ್ದದ ಆ ಕೊಳವೆಯ ಗೋಡೆಯಲ್ಲಿ ಉದ್ದಕ್ಕೆ ಹರಿದ ಮಾಂಸದ ಎಳೆಗಳಿವೆ. ಪ್ರತಿಯೊಂದು ಗುಟುಕಿಗೂ ಅವು ಕುಗ್ಗಿ ಕೊಳವೆಯನ್ನು ಗಿಡ್ಡಮಾಡುತ್ತವೆ. ಆಗ ಜಠರದ ಬಾಯಿಯು ಸುಮಾರು ಎರಡು ಸೆಂಟಿಮೀಟರ್ ಮೇಲಕ್ಕೆ ಎಳೆಯಲ್ಪಟ್ಟು ಬಾಗಿಲಿನ ಸಮೀಪಕ್ಕೆ ಬರುವುದು. ಗುಟುಕು ಇಳಿದೊಡನೆ ಪೊರೆಯ ಹಿಗ್ಗುವ ಎಳೆಗಳು ಅದನ್ನು ಮರಳಿ ಸ್ವಸ್ಥಾನಕ್ಕೆ ಸೆಳೆಯುತ್ತವೆ. ಆರೋಗ್ಯವಂತನಲ್ಲಿಯೂ ದಿನಕ್ಕೆ ನೂರಾರು ಸಲ ಹೀಗೆ ಕ್ಷಣಮಾತ್ರದ ಸಣ್ಣ ಹರ್ನಿಯವೊಂದು ಆಗಿ ಅಳಿಯುತ್ತಿದೆಯೆಂದರೂ ತಪ್ಪಾಗದು. ಎತ್ತಿನ ಬಾರುಕೋಲಿನ ಚರ್ಮವೂ ಇಷ್ಟು ಸಲ ಎಳೆಸಿಕೊಂಡರೆ ಸವೆಯದೆ ಇರದು. ಎಂಬತ್ತು ವರ್ಷ ಬಾಳುವ ಮನುಷ್ಯನ ಪೊರೆಯು ಸವೆಯುವುದರಲ್ಲಿ ಏನಾಶ್ಚರ್ಯ?

ಇದರ ಮೇಲೆ ಒತ್ತಡದ ವ್ಯತ್ಯಾಸವೂ ಇದೆ. ಎದೆಗೂಡಿನೊಳಗಣ ಒತ್ತಡವು ಹೊರಗಾಳಿಯದಕ್ಕಿಂತ ತುಸು ಕಡಮೆ, ಹೊಟ್ಟೆಯೊಳಗಣದು ತುಸು ಹೆಚ್ಚು. ಸುಮ್ಮನೆ ಕುಳಿತವನಲ್ಲಿಯೂ ಇವೆರಡರ ಅಂತರವು ಪಾದರಸದ ಅಳತೆಯಲ್ಲಿ ಸುಮಾರು 10 ಮಿಲ್ಲಿಮೀಟರ್ ಆಗುವುದು; ಕೆಮ್ಮಿದಾಗ, ತಿಣುಕಿದಾಗ, ಮೂಟೆ ಎತ್ತಿದಾಗ ಅದು ಹಲವು ಮಡಿ ಏರುವುದು. ಎಂದರೆ ಕೆಳಗಿನ ಅಂಕಣವು ತನ್ನಲ್ಲಿರುವುದನ್ನು ಮೇಲಿನ ಅಂಕಣಕ್ಕೆ ತಳ್ಳುತ್ತಲೇ ಇರುವುದು, ಮೇಲಿನದು ಸೆಳೆಯುತ್ತಲೇ ಇರುವುದು. ಬಲಗಡೆ ಯಕೃತ್ತು ದೊಡ್ಡ ಬಂಡೆಯಂತೆ ಅಡ್ಡವಾಗಿರುವುದರಿಂದ ಅಲ್ಲಿ ನುಗ್ಗುವುದಕ್ಕೆ ಎಡೆಯಿಲ್ಲ. ಎಡಗಡೆ ಜಠರದ ಮೆತ್ತನೆಯ ಗುಮ್ಮಟವೇ ದ್ವಾರದ ನೆರೆಯಲ್ಲಿದೆ. ನುಗ್ಗುವ ಅವಕಾಶವು ಮೊದಲು ಅದಕ್ಕೇ.

ಹೀಗಿರಲು, ಕೆಲವರಲ್ಲಿ ಬಾಗಿಲು ಬೇಗ ಸಡಿಲುವುದೇಕೆ? ವಯಸ್ಸು ಮೊದಲನೆಯ ಕಾರಣ. ಮುಪ್ಪಿನಲ್ಲಿ ಪೊರೆಯ ಹಿಗ್ಗುವ ಎಳೆಗಳು ಕಡಮೆಯಾಗುತ್ತವೆ, ಅವುಗಳ ನಡುವೆ ಕೊಬ್ಬು ಸೇರಿ ಹಿಡಿತವು ಸಡಿಲುತ್ತದೆ. ಹರ್ನಿಯವಾದವರ ಪೊರೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಅದರಲ್ಲಿ ಈ ಎಳೆಗಳ ಕೊರತೆಯನ್ನು ಕಂಡಿದ್ದಾರೆ. ವಪೆಯ ಕಾಲುಗಳ ಮಾಂಸದಲ್ಲಿಯೂ ಕೆಡುಕು ಕಂಡುಬಂದಿದೆ. ಕೊಳೆತ ಮರದ ಚೌಕಟ್ಟಿಗೆ ಹೊಸ ಅಗಳಿ ಹಾಕಿದರೆ ಬಹುದಿನ ನಿಲ್ಲದೆಂಬುದನ್ನು ಮುಂದೆ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ನೆನೆಯಬೇಕು. ಬೊಜ್ಜು ಎರಡನೆಯದು. ಹೊಟ್ಟೆಯೊಳಗೆ ಕೊಬ್ಬು ತುಂಬಿದಷ್ಟೂ ಒತ್ತಡವು ಹಗಲಿರುಳೂ ಏರಿರುವುದು, ಕೆಮ್ಮಿನಂತೆ ಬಂದುಹೋಗುವುದಲ್ಲ. ಬಸುರಿಯಲ್ಲಿ ಬೆಳೆಯುವ ಗರ್ಭವು ಜಠರವನ್ನು ಮೇಲಕ್ಕೊತ್ತುವುದರ ಜೊತೆಗೆ, ಆ ಕಾಲದ ಅಂತಃಸ್ರಾವಗಳು ಅನ್ನನಾಳದ ಕೆಳತುದಿಯನ್ನು ಸಡಿಲಿಸುತ್ತವೆ. ಹೆರಿಗೆಯಾದ ಬಳಿಕ ಆ ಎದೆಯುರಿಯು ಸಾಮಾನ್ಯವಾಗಿ ತಾನಾಗಿಯೇ ಅಡಗುವುದು.

ಬೆನ್ನು ಬಾಗುವುದೂ ಒಂದು ಕಾರಣವೆಂಬುದು ಅಷ್ಟಾಗಿ ತಿಳಿದ ವಿಷಯವಲ್ಲ. ಮೂಳೆ ಸವೆದು ಬೆನ್ನುಮಣಿಗಳು ಕುಸಿದು ಗೂನಾದ ಮುದುಕಿಯರಲ್ಲಿ ದೊಡ್ಡ ಹರ್ನಿಯಗಳು ಹೆಚ್ಚಾಗಿ ಕಾಣುತ್ತವೆ. ಪಕ್ಕೆಲುಬು ಸೊಂಟಕ್ಕೆ ತಾಗುವಷ್ಟು ಮುಂಡವು ಗಿಡ್ಡವಾದಾಗ ಹೊಟ್ಟೆಯ ಅಂಕಣವು ಕಿರಿದಾಗುವುದು. ವಪೆಯ ಕಾಲುಗಳು ನಾಟಿರುವುದೇ ಆ ಬಾಗಿದ ಬೆನ್ನಿನಲ್ಲಾದುದರಿಂದ ಅವುಗಳ ಬಿಗಿಯೂ ತಪ್ಪುವುದು. ಹುಟ್ಟಿನಿಂದಲೇ ಮೈಯ ಬಂಧಕ ಎಳೆಗಳು ದುರ್ಬಲವಾಗಿರುವ ಮಾರ್ಫನ್ ಮೊದಲಾದ ವ್ಯಾಧಿಗಳುಳ್ಳವರಲ್ಲಿ ಹರ್ನಿಯವು ಸಣ್ಣ ವಯಸ್ಸಿನಲ್ಲಿಯೇ ಬರಬಹುದು.

ಮಲಬದ್ಧತೆಯಿಂದ ತಿಣುಕುವುದೇ ಕಾರಣವೆಂದು ವಾದಿಸಿದವರೂ ಉಂಟು. ಆಫ್ರಿಕದಲ್ಲಿ ಬಹುಕಾಲ ಕೆಲಸಮಾಡಿದ ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯನು, ನಾರುಳ್ಳ ಧಾನ್ಯವನ್ನು ತಿನ್ನುವ ಅಲ್ಲಿಯ ಹಳ್ಳಿಗರಲ್ಲಿ ಈ ಹರ್ನಿಯವು ವಿರಳವೆಂದೂ, ನಾರು ತೆಗೆದ ನಯವಾದ ಆಹಾರದ ಪಾಶ್ಚಾತ್ಯರಲ್ಲಿ ಹೇರಳವೆಂದೂ 1973ರಲ್ಲಿ ತನ್ನ ಸಂಗಡಿಗನೊಡನೆ ಬರೆದನು. ಊಹೆಯು ಮನೋಹರವಾಗಿದೆ, ಜೋಳದ ರೊಟ್ಟಿಯನ್ನು ಮೆಚ್ಚುವವರಿಗೆ ಪ್ರಿಯವಾಗಿಯೂ ಇದೆ. ಆದರೆ ಒಂದು ನಾಡಿನ ಜನರು ಮತ್ತೊಂದು ನಾಡಿನವರಿಗಿಂತ ನಾರನ್ನು ಮಾತ್ರ ಹೆಚ್ಚಾಗಿ ತಿನ್ನುವುದಿಲ್ಲ. ಅವರ ಆಯುಷ್ಯ, ಬೊಜ್ಜು, ದುಡಿಮೆ ಎಲ್ಲವೂ ಬೇರೆ. ಆದಕಾರಣ ಇದನ್ನು ಸಿದ್ಧಾಂತವೆಂದು ಹೇಳಲಾಗದು.

ಜಠರವು ಮೇಲೇರುವ ರೀತಿಯು ಒಂದೇ ಅಲ್ಲ. 1895ರಲ್ಲಿ ರಾಂಟ್‌ಗೆನ್ನನು ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ, ಬದುಕಿರುವವರಲ್ಲಿಯೇ ಇದನ್ನು ನೋಡುವುದು ಸಾಧ್ಯವಾಯಿತು. ಅದಕ್ಕೆ ಮುಂಚೆ, 1853ರಲ್ಲಿ ಬಾಸ್ಟನ್ನಿನ ಬೌಡಿಚ್ ಎಂಬ ವೈದ್ಯನು ವಪೆಯ ಹರ್ನಿಯಗಳ ಮೇಲೆ ಬರೆದ ಪ್ರಬಂಧಕ್ಕೆ ಮುಖ್ಯ ಆಧಾರವು ಶವಗಳ ಪರೀಕ್ಷೆಯೇ. 1926ರಲ್ಲಿ ಸ್ವೀಡನ್ ದೇಶದ ಓಕರ್‌ಲುಂಡನು ಕ್ಷ-ಕಿರಣಚಿತ್ರಗಳ ಸಹಾಯದಿಂದ ಇವನ್ನು ವಿಂಗಡಿಸಿದನು. ಜಠರದ ಬಾಯಿಯೇ ಮೊದಲಾಗಿ ನೇರವಾಗಿ ಮೇಲಕ್ಕೆ ಜಾರುವುದು ಅತ್ಯಂತ ಸಾಮಾನ್ಯ. ಹತ್ತರಲ್ಲಿ ಒಂಬತ್ತಕ್ಕಿಂತಲೂ ಹೆಚ್ಚು ಹರ್ನಿಯಗಳು ಈ ಜಾರುವ ಬಗೆಯವು. ಇದು ನಿಂತಾಗ ಕೆಳಗಿಳಿದು, ಮಲಗಿದಾಗ ಮೇಲೇರುವುದೂ ಉಂಟು. ಇನ್ನು ಕೆಲವರಲ್ಲಿ ಜಠರದ ಬಾಯಿಯು ತನ್ನ ತಾಣದಲ್ಲಿಯೇ ನಿಂತಿದ್ದು, ಪಕ್ಕದ ಗುಮ್ಮಟವು ಪೊರೆಯ ದುರ್ಬಲವಾದ ಕಡೆಯಿಂದ ಅನ್ನನಾಳದ ಮಗ್ಗುಲಲ್ಲಿ ಮೇಲಕ್ಕೆ ಉರುಳುವುದು. ಎರಡೂ ಕೂಡಿ ಆಗುವುದುಂಟು. ದ್ವಾರವು ಬಹಳ ಅಗಲವಾದರೆ ದೊಡ್ಡ ಕರುಳೂ ಗುಲ್ಮವೂ ಹಿಂಬಾಲಿಸುವುದುಂಟು. ಉರುಳುವ ಬಗೆಯು ವಿರಳವಾದರೂ ಅಪಾಯವಿರುವುದು ಅದರಲ್ಲಿಯೇ. ಮೇಲೇರಿದ ಜಠರವು ತಿರುಚಿಕೊಂಡು ಎರಡು ಕಡೆಯ ದಾರಿಯೂ ಮುಚ್ಚಿಹೋದರೆ, ಎದೆಯ ಕೆಳಗೆ ಕಡುನೋವು ಬರುವುದು, ಓಕರಿಕೆ ಬರುವುದು, ಆದರೆ ವಾಂತಿಯಾಗದು. ಆಗ ಮನೆಮದ್ದಿಗೆ ಕಾಲವಿಲ್ಲ.

ಮತ್ತೊಂದು ಕೆಡುಕು ಸದ್ದಿಲ್ಲದೆ ನಡೆಯುವುದು. ದೊಡ್ಡ ಹರ್ನಿಯವುಳ್ಳವರಲ್ಲಿ ಜಠರದ ಮಡಿಕೆಗಳು ವಪೆಯ ಅಂಚಿಗೆ ತಿಕ್ಕಿ ತಿಕ್ಕಿ ಗೀರಿನಂತಹ ಹುಣ್ಣುಗಳಾಗಿ ರಕ್ತವು ಸ್ವಲ್ಪಸ್ವಲ್ಪವಾಗಿ ಒಸರುವುದುಂಟು. ನೋವಿಲ್ಲ, ರಕ್ತವೂ ಕಣ್ಣಿಗೆ ಕಾಣದು. ಬಿಳಿಚಿಕೊಂಡ ವೃದ್ಧೆಗೆ ವರ್ಷಗಟ್ಟಲೆ ಕಬ್ಬಿಣದ ಔಷಧವನ್ನು ಕೊಡುತ್ತಲೇ ಇದ್ದು, ರಕ್ತವು ಎಲ್ಲಿಂದ ಸೋರುತ್ತಿದೆಯೆಂದು ನೋಡದೆ ಇರುವುದು ಸರಿಯಲ್ಲ.

ಇನ್ನು ಎದೆಯುರಿಯ ವಿಚಾರ. ಅನ್ನನಾಳದ ಕೆಳತುದಿಯಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಬಿಗಿಯಾದ ಭಾಗವೊಂದಿದೆ. ಅದು ಒಳಗಿನ ಬೀಗ. ವಪೆಯ ಕಾಲುಗಳ ಹಿಡಿತವು ಹೊರಗಿನ ಬೀಗ. ಸ್ವಸ್ಥನಲ್ಲಿ ಇವೆರಡೂ ಒಂದರ ಮೇಲೊಂದು ಕೂತು ಜೋಡುಬೀಗವಾಗುವುವು. ಅಲ್ಲದೆ ಅನ್ನನಾಳವು ಜಠರಕ್ಕೆ ಓರೆಯಾಗಿ ಸೇರುವುದರಿಂದ, ಜಠರದ ಗುಮ್ಮಟವು ತುಂಬಿದಾಗ ಆ ಮೂಲೆಯೇ ಮುಚ್ಚಳದಂತೆ ಒತ್ತುವುದು. ಜಠರವು ಮೇಲೆ ಜಾರಿತೆಂದರೆ ಮೂಲೆಯು ನೆಟ್ಟಗಾಗುವುದು, ಒಳಬೀಗವು ಎದೆಗೂ ಹೊರಬೀಗವು ಕೆಳಗೂ ಆಗಿ ಜೋಡಿ ಬೇರ್ಪಡುವುದು, ನಡುವಿನ ಚೀಲದಲ್ಲಿ ಆಮ್ಲವು ನಿಂತು, ಮುಂದಿನ ಗುಟುಕಿಗೆ ಒಳಬೀಗವು ತೆರೆದೊಡನೆ ಮೇಲಕ್ಕೆ ಚಿಮ್ಮುವುದು. ಎದೆಯುರಿಗೆ ಹರ್ನಿಯವಲ್ಲ, ಹಿಂದಿರುಗಿ ಬರುವ ಆಮ್ಲವೇ ಕಾರಣವೆಂಬುದನ್ನು ಸ್ಪಷ್ಟಪಡಿಸಿದವನು ಇಂಗ್ಲೆಂಡಿನ ಫಿಲಿಪ್ ಆಲಿಸನ್, 1951ರಲ್ಲಿ. ಹರ್ನಿಯವಿದ್ದೂ ಉರಿಯಿಲ್ಲದವರು ಬಹಳ ಮಂದಿ. ಹರ್ನಿಯವಿಲ್ಲದೆ ಉರಿಯಿಂದ ಬಳಲುವವರೂ ಇದ್ದಾರೆ. ಪರೀಕ್ಷೆಯ ಕಾಗದದಲ್ಲಿ ಸಣ್ಣ ಜಾರುವ ಹರ್ನಿಯವೆಂದು ಬರೆದಿದ್ದು, ಮೈಯಲ್ಲಿ ತೊಂದರೆಯಿಲ್ಲದಿದ್ದರೆ, ಅದಕ್ಕೆ ಮಾಡತಕ್ಕ ಚಿಕಿತ್ಸೆ ಯಾವುದೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಅನ್ನನಾಳವು ಹೃದಯದ ಬೆನ್ನಿಗೇ ಅಂಟಿಕೊಂಡಂತೆ ಇಳಿಯುವುದು. ಎರಡರ ನೋವನ್ನೂ ಮಿದುಳು ಒಂದೇ ಜಾಗದಲ್ಲಿ ಅರಿಯುವುದು. ಅದರಿಂದ ಹೃದಯಾಘಾತವನ್ನು ಗ್ಯಾಸೆಂದು ತಿಳಿದು ಸೋಡಾ ಕುಡಿದು ಮಲಗಿದವರು ಮತ್ತೆ ಏಳದೆ ಹೋದುದುಂಟು. ಎದೆಯನ್ನು ಹಿಸುಕಿದಂತಾಗಿ, ಬೆವರು ಬಂದು, ನೋವು ತೋಳಿಗೋ ದವಡೆಗೋ ಹಬ್ಬಿದರೆ, ಹಿಂದೆ ಹರ್ನಿಯವಿದ್ದ ಮನುಷ್ಯನಾದರೂ ಮೊದಲು ಹೃದಯವನ್ನೇ ಪರೀಕ್ಷಿಸಬೇಕು.

ಉಂಡ ಕೂಡಲೆ ಮಲಗಬಾರದೆಂಬ ಹಿರಿಯರ ಮಾತಿಗೆ ಈ ಕಟ್ಟಡದಲ್ಲಿಯೇ ಅರ್ಥವಿದೆ: ನಿಂತಿರುವಾಗ ಆಮ್ಲವನ್ನು ಕೆಳಗಿಡುವುದು ಭೂಮಿಯ ಸೆಳೆತ, ಮಲಗಿದಾಗ ಬೀಗವೊಂದೇ. ರಾತ್ರಿ ಊಟಕ್ಕೂ ನಿದ್ರೆಗೂ ಎರಡು ಮೂರು ಗಂಟೆಗಳ ಅಂತರವಿರಲಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯನ್ನಿಡುವುದು ದಿಂಬುಗಳನ್ನು ಪೇರಿಸುವುದಕ್ಕಿಂತ ಮೇಲು. ದಿಂಬು ಕುತ್ತಿಗೆಯನ್ನು ಬಗ್ಗಿಸಿ ಹೊಟ್ಟೆಯನ್ನೇ ಮಡಿಸುವುದು. ಎಡಮಗ್ಗುಲಾಗಿ ಮಲಗಿದರೆ ಜಠರದ ಗುಮ್ಮಟವು ಬಾಯಿಗಿಂತ ಕೆಳಗಾಗಿ ಆಮ್ಲವು ಅಲ್ಲಿಯೇ ನಿಲ್ಲುವುದು. ಎದೆಯುರಿಯುಳ್ಳ ಭಕ್ತರು ದಾಸೋಹದಲ್ಲಿ ತೃಪ್ತಿಯಾಗಿ ಉಂಡ ಬೆನ್ನಿಗೇ ದೀರ್ಘದಂಡ ನಮಸ್ಕಾರ ಮಾಡುವುದಕ್ಕಿಂತ, ಅದನ್ನು ಊಟಕ್ಕೆ ಮುಂಚೆ ಮುಗಿಸುವುದು ಒಳ್ಳೆಯದು. ಬೊಜ್ಜಿದ್ದವರು ತೂಕವನ್ನಿಳಿಸುವುದು ಇವೆಲ್ಲಕ್ಕಿಂತ ಫಲಕಾರಿ. ಆಮ್ಲವನ್ನು ತಗ್ಗಿಸುವ ಗುಳಿಗೆಗಳು ಉರಿಯನ್ನು ಚೆನ್ನಾಗಿ ಶಮನಮಾಡುತ್ತವೆ. ಆದರೆ ಸಡಿಲಿದ ಬಾಗಿಲನ್ನು ಅವು ಬಿಗಿಮಾಡಲಾರವು.

ಬಿಗಿಮಾಡುವ ಕೆಲಸವು ಶಸ್ತ್ರವೈದ್ಯರದು. ಜಠರವನ್ನು ಕೆಳಗೆಳೆದು, ವಪೆಯ ಕಾಲುಗಳನ್ನು ಅನ್ನನಾಳದ ಹಿಂದೆ ಹೊಲಿಯುತ್ತಾರೆ. ಜಠರದ ಗುಮ್ಮಟವನ್ನೇ ಅನ್ನನಾಳದ ಕೆಳತುದಿಗೆ ಶಾಲಿನಂತೆ ಸುತ್ತುವ ವಿಧಾನವನ್ನು ರುಡಾಲ್ಫ್ ನಿಸೆನ್ ಎಂಬವನು 1955ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ಲಿನಲ್ಲಿ ಮಾಡಿ, 1956ರಲ್ಲಿ ಪ್ರಕಟಿಸಿದನು. 1991ರಿಂದ ಇದನ್ನು ಹೊಟ್ಟೆಯನ್ನು ಸೀಳದೆ ಸಣ್ಣ ರಂಧ್ರಗಳ ಮೂಲಕವೇ ಮಾಡುತ್ತಿದ್ದಾರೆ. ಔಷಧಕ್ಕೆ ಬಗ್ಗದ ಉರಿಯುಳ್ಳವರಿಗೂ, ಉರುಳುವ ಬಗೆಯ ದೊಡ್ಡ ಹರ್ನಿಯದಿಂದ ತೊಂದರೆಪಡುವವರಿಗೂ ಇದರಿಂದ ಬಹಳ ಉಪಕಾರವಾಗಿದೆ. ಆದರೂ ದೊಡ್ಡ ಹರ್ನಿಯಗಳು ವರ್ಷಗಳು ಕಳೆದಂತೆ ಹಲವರಲ್ಲಿ ಮರುಕಳಿಸುತ್ತವೆ. ಕ್ಷ-ಕಿರಣದಲ್ಲಿ ಮರುಕಳಿಸಿದಂತೆ ಕಂಡರೂ ಅವರಲ್ಲಿ ಬಹುಮಂದಿಗೆ ಹಿಂದಿನ ಬಾಧೆಯಿರುವುದಿಲ್ಲ. ಹೊಲಿಗೆಗೆ ಆಧಾರವಾಗಿ ಬಲೆಯಂತಹ ವಸ್ತ್ರವನ್ನಿಡಬೇಕೇ ಬೇಡವೇ ಎಂಬುದರ ಮೇಲೆ ಶಸ್ತ್ರವೈದ್ಯರಲ್ಲಿ ಇನ್ನೂ ಒಮ್ಮತವಿಲ್ಲ. ಬಲೆಯು ಗಟ್ಟಿಯಾಗಿದ್ದರೆ ಅನ್ನನಾಳವನ್ನೇ ಕೊರೆದೀತೆಂಬ ಅಂಜಿಕೆ, ಮೆತ್ತಗಿದ್ದರೆ ಕರಗಿಹೋಗುವುದು. ಹೊಲಿಗೆಯನ್ನು ತೀರ ಬಿಗಿಮಾಡಿದರೆ ಅನ್ನವೇ ಇಳಿಯದು, ಸಡಿಲುಬಿಟ್ಟರೆ ಜಠರವು ಮತ್ತೆ ಏರುವುದು. ಎಷ್ಟು ಬಿಗಿಯಬೇಕೆಂಬುದನ್ನು ಇಂದಿಗೂ ಬಹುಮಟ್ಟಿಗೆ ಶಸ್ತ್ರವೈದ್ಯನ ಕೈಯ ಅಂದಾಜೇ ನಿರ್ಧರಿಸುತ್ತಿದೆ.